ಒಂದು ಬಡಿದರೆ ನಿಲ್ಲುವುದು

ಎದ್ದಾಗಿನಿಂದ ಜಲಜಾ ಒಂದು ಮಾತನ್ನೂ ಆಡಿರಲಿಲ್ಲ. ಹಾಲು ಉಕ್ಕಿ ಸ್ಟೌ ಆರಿಹೋದಾಗ ಅಯ್ಯೋ ಎನ್ನಲಿಲ್ಲ. ಕೆಳಗಿನ ಮನೆಯವರು ನೀರು ಬಂತೆಂದು ಕೂಗಿದಾಗ ಓಗೊಡದೆ ಬಿಂದಿಗೆ ಹಿಡಿದು ಮೆಟ್ಟಿಲಿಳಿದಳು. ಬಾಯಿಯ ತುಂಬ ನೀರಿಟ್ಟುಕೊಂಡು, ಒಂದು ಹನಿಯೂ ಚೆಲ್ಲಬಾರದೆಂದು ಹೊರಟವಳ ಹಾಗೆ ತುಟಿ ಬಿಗಿಹಿಡಿದಿದ್ದಳು. ಮಧ್ಯಾಹ್ನ ಹನ್ನೆರಡರವರೆಗೆ ಹೀಗೇ ಇದ್ದುಬಿಟ್ಟರೆ ಸಾಕು, ಆಮೇಲೆ ಎಷ್ಟು ಬೇಕಾದರೂ ಕೂಗಿಕೊಳ್ಳಬಹುದು. ಬಾಗಿಲ ಬಳಿ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದ ಅತ್ತೆ ಚಿಕ್ಕಲಕ್ಷ್ಮಮ್ಮ ಸೊಸೆಯ ಮುಖವನ್ನೇ ಎರಡು ಸಲ ನೋಡಿದರು. 'ಏನಮ್ಮಿ, ಯಾವ್ ದೇವ್ರಿಗೆ ಮೌನ? ನೀನ್ ಬಾಯ್ ಮುಚ್ಚಿರೋದ್ ನೋಡಿದ್ರೆ ನಂಗೇ ಜ್ವರ ಬಂದಂಗಾಯ್ತದೆ' ಎಂದರು. ಒಳಗಿನಿಂದ ಟೀವಿಯ ಸದ್ದನ್ನು ಸೀಳಿಕೊಂಡು ಗಂಡ ಮುನಿರಾಜುವಿನ 'ಹಾಂ?' ಬಂತು. ಯಾರೇ ಏನೇ ಅಂದರೂ ಅವನದು ಮೊದಲು ಒಂದು 'ಹಾಂ?'. ಇಪ್ಪತ್ತೆರಡು ವರ್ಷ ಪೀಣ್ಯದ ಪ್ರೆಸ್ ಮಿಷನ್ನಿನ ಮುಂದೆ ನಿಂತ ಕಿವಿ ಅದು, ಎಡಗಡೆಯದು ಪೂರ್ತಿ ಹೋಗಿತ್ತು, ಬಲಗಡೆಯದಕ್ಕೆ ಕೂಗಿದರೆ ಅರ್ಧ. ಹಾಗಾಗಿ ಲಗ್ಗೆರೆಯ ಆ ಎರಡು ಕೋಣೆಯ ಮನೆಯಲ್ಲಿ ಟೀವಿ ಕೂಗುತ್ತಿತ್ತು, ಅತ್ತೆ ಕೂಗುತ್ತಿದ್ದರು, ದಿನವೆಲ್ಲ ಬಸ್ಸಿನಲ್ಲಿ ಕೂಗಿ ಬಂದ ಕಂಡಕ್ಟರ್ ಜಲಜಾಳೂ ಕೂಗುತ್ತಿದ್ದಳು. ಆ ಕೂಗುಗಳ ನಡುವೆ, ಮಂಚದ ಮೂಲೆಯಲ್ಲಿ, ಎರಡು ಕಿವಿಗಳಿಗೂ ಹೆಬ್ಬೆರಳು ತುರುಕಿಕೊಂಡು ಒಂಬತ್ತು ವರ್ಷದ ಮಗಳು ಕವನಾ ಕೂತಿರುತ್ತಿದ್ದಳು.

ಇದಕ್ಕೆಲ್ಲ ಕಾರಣ ಕವನಾಳ ಸ್ಪೆಷಲ್ ಟೀಚರ್ ಕಳಿಸಿದ್ದ ಒಂದು ಮೆಸೇಜು. ಬಸವೇಶ್ವರನಗರದ ಕಾಂಪ್ಲೆಕ್ಸೊಂದರ ಮೂರನೆಯ ಮಹಡಿಯಲ್ಲಿ ಹೊಸದಾಗಿ ಆಗಿರುವ ಮೀನುಮನೆಯಲ್ಲಿ ತಿಂಗಳಿಗೊಮ್ಮೆ 'ಸದ್ದಿಲ್ಲದ ಭಾನುವಾರ'. ಸದ್ದು ತಾಳದ ಇಂಥ ಮಕ್ಕಳಿಗಾಗಿಯೇ ಬೆಳಿಗ್ಗೆ ಹತ್ತರಿಂದ ಎರಡು ಗಂಟೆ ಕಾಲ ಹಾಡು ಬಂದ್, ಮೈಕು ಬಂದ್, ಕಣ್ಣಿಗೆ ಹೊಡೆಯುವ ದೀಪ ಬಂದ್. ಹತ್ತೇ ಹತ್ತು ಕುಟುಂಬ. ಯಾರೂ ದಿಟ್ಟಿಸಿ ನೋಡುವವರಿಲ್ಲ. ಅಲ್ಲಿಯ ಹುಡುಗಿ ಸಿಂಚನಾ ಫೋನ್ ಮಾಡಿ ಒಂದು ಫಾರಂ ಕಳಿಸಿದ್ದಳು. 'ನಿಮ್ಮ ಮಗುವಿಗೆ ಆಗದ ಶಬ್ದಗಳು ಯಾವುವು?' ಜಲಜಾ ಡ್ಯೂಟಿ ಮುಗಿಸಿ ಬಂದು ಕಾಲು ನೀಡಿ ಕೂತು ಒಂದೊಂದಾಗಿ ಬರೆದಳು: ಕುಕ್ಕರ್, ಮಿಕ್ಸಿ, ಪಟಾಕಿ, ಗುಜರಿಯವನ ಮೈಕು, ಪೀಪಿ, ಅಜ್ಜಿ ದೃಷ್ಟಿ ತೆಗೆದು ನೆಟಿಗೆ ಮುರಿಯುವ ಸದ್ದು. ಮುನಿರಾಜು ಹೆಗಲ ಮೇಲಿಂದ ಬಗ್ಗಿ ಓದಿ, 'ನಿನ್ ಗಂಟ್ಲು ಬರ್ದ್ಯಾ?' ಎಂದು ನಕ್ಕ. ಅವಳೂ ನಕ್ಕಳು. ನಗುವ ಮಾತೇ ಅದು. ಡಿಪೋದಲ್ಲಿ ಅವಳಿಗೆ ಲೌಡ್‌ಸ್ಪೀಕರ್ ಜಲಜಕ್ಕ ಎಂದೇ ಹೆಸರು. ಸುಂಕದಕಟ್ಟೆಯಲ್ಲಿ ನಿಂತು 'ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಮೈದಾನ ಇದೆ' ಎಂದರೆ ಮುಂದಿನ ಸ್ಟಾಪಿನವರೂ ಒಳಗೆ ಸರಿಯುತ್ತಾರೆ ಎಂದು ಡ್ರೈವರ್ ಕೃಷ್ಣಯ್ಯ ತಮಾಷೆ ಮಾಡುತ್ತಿದ್ದ. ಫಾರಂನಲ್ಲಿ ಇನ್ನೂ ಒಂದು ಗೆರೆಯಷ್ಟು ಜಾಗ ಉಳಿದಿತ್ತು. ಉಳಿದ ಜಾಗವನ್ನು ಹಾಗೇ ಬಿಟ್ಟು ಕಳಿಸಿಬಿಟ್ಟಳು.

ಪಂಥ ಕಟ್ಟಿದವಳು ಅವಳೇ. ಕೆಂಗೇರಿಯ ಆಚೆಗೆ ಇಂಥ ಮಕ್ಕಳದೇ ಒಂದು ವಸತಿಶಾಲೆಯಿದೆ, ಅಲ್ಲಿಯೇ ಇಟ್ಟುಕೊಂಡು ನೋಡಿಕೊಳ್ಳುತ್ತಾರೆ, ಎರಡು ತಿಂಗಳಿಗೊಮ್ಮೆ ಮನೆಯವರು ಹೋಗಿ ನೋಡಬಹುದು. ಒಂದು ಸೀಟು ಖಾಲಿಯಾಗಿತ್ತು. ಬೇಕೋ ಬೇಡವೋ ಸೋಮವಾರ ಹೇಳಿಬಿಡಿ ಎಂದಿದ್ದರು. ಮೂವರೂ ಹೋಗಿ ನೋಡಿಕೊಂಡೂ ಬಂದಿದ್ದರು. ಹೊಂಗೆಮರದ ಕೆಳಗೆ ಕವನಾ ಒಂದು ಗಂಟೆ ಕೂತು ನೆರಳು ಅಲ್ಲಾಡುವುದನ್ನು ನೋಡಿದಳು. ಬರುವಾಗ ಮುನಿರಾಜು ಬೈಕ್ ಸ್ಟಾರ್ಟ್ ಮಾಡದೆ ಹಾಗೇ ನಿಂತು, 'ಅಲ್ಲಿ ಕಿವಿ ಮುಚ್ಚಲೇ ಇಲ್ಲ ಕಣೇ ಅವ್ಳು. ನೋಡ್ದಾ?' ಎಂದಿದ್ದ. ಕಟುಕನಂತೆ ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ಕಣ್ಣೊರೆಸಿಕೊಂಡು ಹೇಳಿದ್ದ. ಆದ್ದರಿಂದ ಅವಳು ಪಂಥ ಕಟ್ಟಿದಳು: 'ಒಂದ್ಸಲ ನಾನೊಬ್ಳೇ ಆಚೆ ಕರ್ಕೊಂಡ್ ಹೋಗಿ ಬರ್ತೀನಿ. ಎರಡು ಗಂಟೆ. ಕಿರುಚದೆ ರಂಪ ಮಾಡದೆ ಬಂದ್ಲು ಅಂದ್ರೆ ಮಗು ಇಲ್ಲೇ ಇರುತ್ತೆ. ರಂಪ ಆಯ್ತೋ, ನೀವ್ ಹೇಳ್ದಂಗೆ.' ಹಾಂ ಎಂದು ಎರಡನೆಯ ಸಲ ಕೇಳಿಸಿಕೊಂಡು ಅವನು ಆಗಲಿ ಎಂದಿದ್ದ. ಈಗ ಕವನಾಳಿಗೆ ಫ್ರಾಕು ತೊಡಿಸಿ, ಕಿವಿಗೆ ಸದ್ದು ತಡೆಯುವ ನೀಲಿ ಬಣ್ಣದ ದಪ್ಪ ಮುಚ್ಚಳಗಳನ್ನು ಅವನೇ ಹಾಕಿದ. ಅವು ಕಂಪನಿಯಲ್ಲಿ ಅವನಿಗೆಂದು ಕೊಟ್ಟಿದ್ದವು. ಹಾಕಿಕೊಂಡರೆ ಜೊತೆಯವರು 'ಏನ್ ಗುರು, ರೇಡಿಯೋ ಕೇಳ್ತಿದೀಯಾ?' ಎಂದು ಆಡಿಕೊಳ್ಳುತ್ತಾರೆಂದು ಅವನು ಅವನ್ನು ಒಂದು ದಿನವೂ ಹಾಕಿಕೊಂಡಿರಲಿಲ್ಲ.

ಲಗ್ಗೆರೆ ಸೇತುವೆಯ ಹತ್ತಿರ ಆಟೋ ಹತ್ತಿ ವಿಳಾಸವನ್ನು ಫೋನಿನಲ್ಲಿ ತೋರಿಸಿದಳು. ಆಟೋದವನು 'ಆಂಟಿ, ಹಾವನೂರು ಸರ್ಕಲ್ ಮೇಲೆ ಹೋಗ್ಲಾ?' ಎಂದ. ತಲೆಯಾಡಿಸಿದಳು. ಸ್ವಲ್ಪ ದೂರ ಹೋಗಿ ಮತ್ತೇನೋ ಕೇಳಿದ, ಕೈಸನ್ನೆ ಮಾಡಿದಳು. ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಹಾರ್ನ್ ಹೊಡೆಯುವುದನ್ನೂ ಬಿಟ್ಟ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನಿಗೆ, 'ಮಚ್ಚಾ, ಸ್ವಲ್ಪ ಮುಂದ್ ತಗೊಳೋ. ತಾಯಿಗೂ ಮಾತ್ ಬರಲ್ಲ, ಮಗೀಗೂ ಬರಲ್ಲ, ಪಾಪ' ಎಂದದ್ದು ಅವಳಿಗೆ ಕೇಳಿಸಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ತನ್ನನ್ನೂ ಮಗಳನ್ನೂ ಯಾರೋ ಒಂದೇ ಜಾತಿಗೆ ಸೇರಿಸಿದ್ದರು. ಅವಳು ಕವನಾಳ ಕಡೆಗೆ ಸ್ವಲ್ಪ ಸರಿದು ಕೂತಳು. ಕವನಾ ಸರಿದು ಹೋಗಲಿಲ್ಲ, ಆಟೋದ ಕಂಬಿಯ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದಳು. ಆಟೋ ಹೊರಟಿತು. ಸಿಗ್ನಲ್ ಬಿಟ್ಟಿತ್ತು, ಅದಕ್ಕೇ ಹೊರಟಿತ್ತು. ಆದರೂ ಕವನಾಳ ಮುಖದಲ್ಲಿ, ಕೆಲಸ ಆಯಿತು ಎಂಬಂತಹ ಸಮಾಧಾನವಿತ್ತು.

ಆ ಬಡಿತ ಅವರಿಬ್ಬರದು. ಪೀಪಿ ಕೆಟ್ಟ ದಿನ ಕಂಡಕ್ಟರುಗಳು ಬಸ್ಸಿನ ತಗಡಿಗೆ ಕೈಯಿಂದ ಬಡಿಯುತ್ತಾರೆ, ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಡ್ರೈವರ್ ಯಾಕೆಂದು ಕೇಳುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಎಲ್ಲಿ ನೋಡಿ ಕಲಿತಳೋ, ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಕವನಾ ಮಂಚದ ಪಕ್ಕದ ಸ್ಟೀಲ್ ಬೀರುವಿಗೆ ಎರಡು ಸಲ ಬಡಿದಿದ್ದಳು. ರೊಟ್ಟಿ ತಟ್ಟುತ್ತಿದ್ದ ಜಲಜಾ ಹಿಟ್ಟಿನ ಕೈಯಲ್ಲೇ, ಏನೋ ತೋಚಿದಂತಾಗಿ, ಬಾಗಿಲ ಕಡೆಗೆ ನಡೆದಳು. ಒಂದು ಬಡಿತ. ನಿಂತಳು. ಎರಡು ಬಡಿತ. ಹೊರಟಳು. ಅಷ್ಟೇ ಆಟ. ಮಾತಿಲ್ಲ, ಮುಖ ನೋಡುವುದಿಲ್ಲ, ಮುಟ್ಟುವುದಿಲ್ಲ. ಅಮ್ಮ ಎಂದು ಒಮ್ಮೆಯೂ ಕರೆಯದ ಮಗು ಅಮ್ಮನಿಗೆ ಆಡುತ್ತಿದ್ದ ಮಾತು ಅದೊಂದೇ. ಅದರಲ್ಲಿಯೂ ಜಲಜಾ ಒಂದನ್ನು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಎಷ್ಟು ಸಲ ಆಡಿದರೂ ಕವನಾ ಅವಳನ್ನು ನಾಲ್ಕು ಹೆಜ್ಜೆಗಿಂತ ಆಚೆಗೆ ಬಿಡುತ್ತಿರಲಿಲ್ಲ. ಹೊಸ್ತಿಲು ಬರುವ ಮುಂಚೆ ಆ ಒಂದು ಬಡಿತ ಬಂದೇ ಬರುತ್ತಿತ್ತು. ಆಮೇಲೆ ಜಲಜಾ ತಾನಾಗಿ ತಿರುಗಿ ಒಲೆಯ ಹತ್ತಿರ ಬರುತ್ತಿದ್ದಳು. ಮುನಿರಾಜು ಕೆಂಗೇರಿಯ ಮಾತೆತ್ತಿದಾಗಲೆಲ್ಲ ಅವಳು ಮನಸ್ಸಿನಲ್ಲೇ ಆ ನಾಲ್ಕು ಹೆಜ್ಜೆಗಳನ್ನು ಎಣಿಸಿಕೊಳ್ಳುತ್ತಿದ್ದಳು.

ಮೀನುಮನೆಯ ಬಾಗಿಲಲ್ಲಿ ಸಿಂಚನಾ ಕೈ ಮುಗಿಯದೆ, ನಮಸ್ತೆ ಎನ್ನದೆ, ಬರೀ ನಕ್ಕಳು. ಒಳಗೆ ಸಂಜೆಯ ಹಾಗೆ ನೀಲಿ ಕತ್ತಲು. ಉದ್ದನೆಯ ಓಣಿ, ಎರಡೂ ಕಡೆ ಗಾಜಿನ ತೊಟ್ಟಿಗಳು, ಓಣಿಯ ಈ ತುದಿಯಲ್ಲಿ ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ, ಅದರೊಳಗೆ ಮೆತ್ತೆ ಹಾಸಿ, ನೀರಗುಳ್ಳೆ ಏಳುವ ಒಂದು ದೀಪ. 'ಯಾರಿಗಾದ್ರೂ ಜಾಸ್ತಿ ಅನ್ಸಿದ್ರೆ ಇಲ್ಲಿ, ಆಂಟಿ. ಡಬಲ್ ಗ್ಲಾಸು, ಆಚೆ ಸದ್ದು ಒಳಗ್ ಬರಲ್ಲ, ಒಳಗಿಂದು ಆಚೆ ಬರಲ್ಲ' ಎಂದು ಸಿಂಚನಾ ಪಿಸುಗುಟ್ಟಿದಳು. ನಮಗೆ ಅದು ಬೇಕಾಗುವುದಿಲ್ಲ ಎಂಬಂತೆ ಜಲಜಾ ತಲೆಯಾಡಿಸಿದಳು. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ರಾಗಿಣಿ ಎಂದು ಅಂಗಿಗೆ ಅಂಟಿಸಿದ ಚೀಟಿಯಲ್ಲಿತ್ತು. ಮೀಸೆ ಮೂಡುತ್ತಿದ್ದ ಅವಳ ಮಗ ತೊಟ್ಟಿಗೆ ಹಣೆ ಒತ್ತಿ ನಿಂತಿದ್ದ. ರಾಗಿಣಿ ತಾನಾಗಿಯೇ ಜಲಜಾಳ ಕಿವಿಯ ಹತ್ತಿರ ಬಗ್ಗಿ, 'ಹನ್ನೊಂದು ತಿಂಗಳಾಗಿತ್ತು ರೀ, ಮನೆಯಿಂದ ಆಚೆ ಕಾಲಿಟ್ಟು. ವಿಜಯನಗರದಿಂದ ಇಲ್ಲಿಗ್ ಬರೋಕೆ ಹನ್ನೊಂದು ತಿಂಗಳು' ಎಂದಳು. ಎಂದು ತನ್ನ ಮಾತಿಗೆ ತಾನೇ ಸದ್ದಿಲ್ಲದೆ ನಕ್ಕಳು. ಹೀಗೆ ಹೇಳಿ ಹೀಗೆ ನಗುವವರು ಇಷ್ಟು ಜನ ಒಂದೇ ಕಡೆ ಸೇರುವುದುಂಟೆಂದು ಜಲಜಾಳಿಗೆ ಗೊತ್ತಿರಲಿಲ್ಲ.

ಕವನಾ ಒಂದು ತೊಟ್ಟಿಯ ಮುಂದೆ ನಿಂತಳು. ಕೈಯಗಲದ ಕಿತ್ತಳೆ ಮೀನೊಂದು ಗಾಜಿಗೆ ಬಂದು ಬಾಯಿ ತೆರೆದು ಮುಚ್ಚಿತು. ಕವನಾ ಕಿವಿಯ ನೀಲಿ ಮುಚ್ಚಳಗಳನ್ನು ಮೆಲ್ಲಗೆ ಕತ್ತಿಗೆ ಇಳಿಸಿದಳು. ಯಾರೂ ಇಳಿಸು ಎನ್ನಲಿಲ್ಲ. ತೆರೆದ ಎರಡು ಕಿವಿಗಳು. ಪುಟ್ಟದಾಗಿ, ನುಣ್ಣಗೆ, ಒತ್ತಿ ಒತ್ತಿ ಅಂಚು ಕೆಂಪಾದ ಕಿವಿಗಳು. ಓಲೆ ಚುಚ್ಚಿಸಿದ ದಿನ ಬಿಟ್ಟರೆ ಜಲಜಾ ಅವನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ. ಅವಳು ತೊಟ್ಟಿಯ ಆ ಬದಿಗೆ ಹೋಗಿ, ನೀರಿನ ಆಚೆಯಿಂದ, ಮೀನಿನ ಪಕ್ಕದಲ್ಲೇ ಮುಖವಿಟ್ಟು, ತಾನೂ ಬಾಯಿ ತೆರೆದಳು, ಮುಚ್ಚಿದಳು. ಕ, ವ, ನಾ. ಸದ್ದಿಲ್ಲದೆ. ಕವನಾಳ ಕಣ್ಣು ಮೀನನ್ನು ಬಿಟ್ಟು ಅವಳ ತುಟಿಗೆ ಬಂದು ನಿಂತಿತು. ನಿಂತೇ ಇತ್ತು. ಆಮೇಲೆ ಬೆರಳೆತ್ತಿ ಗಾಜಿನ ಮೇಲೆ ಅಮ್ಮನ ತುಟಿಯ ಗುಂಟ ಒಂದು ಸುತ್ತು ಎಳೆದಳು. ಜಲಜಾ ಮತ್ತೆ ಹೇಳಿದಳು, ಮತ್ತೆ ಮತ್ತೆ ಹೇಳಿದಳು, ಒಂಬತ್ತು ವರ್ಷ ಕೂಗಿದ ಹೆಸರನ್ನು ಈಗ ಮೊದಲ ಸಲ ಹೇಳುತ್ತಿರುವಂತೆ. ಗಡಿಯಾರ ನೋಡಿದರೆ ಹನ್ನೊಂದೂಕಾಲು. ಇನ್ನು ಮುಕ್ಕಾಲು ಗಂಟೆ. ಗೆದ್ದೆ ಎಂದುಕೊಂಡಳು. ನಾಳೆ ಆ ಸ್ಕೂಲಿನವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಬಾಯಿಯಲ್ಲಿ ತುಂಬಿಟ್ಟುಕೊಂಡಿದ್ದ ನೀರು ತನ್ನಷ್ಟಕ್ಕೆ ಗಂಟಲಿಗಿಳಿದು ಹೋದಂತೆ ಹಗುರಾದಳು.

ಹಗುರಾದದ್ದೇ ತಪ್ಪಾಯಿತು. ಕವನಾ ಕೆಳಗಿನಿಂದ ಮೀನಿನ ಹೊಟ್ಟೆ ನೋಡಲು ನೆಲಕ್ಕೆ ಮಲಗಿದ್ದಳು, ಒಂದು ಕೈ ಓಣಿಯೊಳಕ್ಕೆ ಚಾಚಿತ್ತು. ಪಕ್ಕದ ಬಾಗಿಲಿನಿಂದ ಕೆಲಸದವನೊಬ್ಬ ನೀರಿನ ಕ್ಯಾನುಗಳ ಗಾಡಿಯನ್ನು ಹಿಮ್ಮುಖವಾಗಿ ಎಳೆದುಕೊಂಡು ಬಂದ. ರಬ್ಬರಿನ ಚಕ್ರ, ಸದ್ದೇ ಇಲ್ಲ. ಜಲಜಾಳಿಗೆ ಕಂಡದ್ದು ಚಕ್ರ ಮತ್ತು ಐದು ಬೆರಳು. ಹನ್ನೊಂದು ವರ್ಷದಿಂದ, ಫುಟ್‌ಬೋರ್ಡಿನಿಂದ ಜಾರಿದ ಪ್ರತಿಯೊಂದು ಕಾಲಿಗೂ, ಬಾಗಿಲಿಗೆ ಸಿಕ್ಕಿಕೊಂಡ ಪ್ರತಿಯೊಂದು ಸೆರಗಿಗೂ ಹೊಟ್ಟೆಯ ಆಳದಿಂದ ಬಂದ ಅದೇ ಕೂಗು, ಅವಳನ್ನು ಕೇಳದೆಯೇ ಬಂತು.

'ಹೋಲ್ಡಾನ್!'

ಕೂಗಿನ ಜೊತೆಗೇ ಕೈ ತೊಟ್ಟಿಯ ತಗಡಿನ ಚೌಕಟ್ಟಿಗೆ ಧಡ್ ಎಂದು ಒಂದು ಸಲ ಬಡಿಯಿತು. ಗಾಡಿ ನಿಂತಿತು. ಅದಾಗಲೇ ನಿಂತಿತ್ತು. ಕವನಾಳ ಬೆರಳಿಗೂ ಚಕ್ರಕ್ಕೂ ಎರಡು ಮೊಳ ದೂರವಿತ್ತು. ಕೆಲಸದವನು ತಿರುಗಿ, ಮಗುವನ್ನು ನೋಡಿ, ಕಾಯುತ್ತಾ ನಿಂತಿದ್ದ. 'ನೋಡಿದ್ದೆ ಅಕ್ಕಾ, ನೋಡಿದ್ದೆ' ಎಂದ ಅವನು, ತಪ್ಪು ತನ್ನದೇ ಎಂಬಂತೆ. ಅಷ್ಟರಲ್ಲಿ ನೀಲಿ ಕತ್ತಲು ಒಡೆದುಹೋಗಿತ್ತು. ಮೊದಲು ಒಂದು ಮಗು, ಆಮೇಲೆ ಆ ಮಗುವಿನ ಕಿರುಚಿಗೆ ಇನ್ನೊಂದು. ರಾಗಿಣಿಯ ಮಗ ಎರಡೂ ಕೈಯಿಂದ ತಲೆಗೆ ಹೊಡೆದುಕೊಳ್ಳುತ್ತಾ ನೆಲಕ್ಕೆ ಕುಸಿದ, ರಾಗಿಣಿ ಅವನ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈಯಿಟ್ಟಳು. ಯಾರೋ ಒಬ್ಬ ತಂದೆ, ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಓಡುತ್ತಾ, 'ಬಸ್ ಸ್ಟ್ಯಾಂಡ್ ಅನ್ಕೊಂಡ್ರೇನ್ರೀ ಇದನ್ನ?' ಎಂದ. ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಅಂದಿದ್ದ. ಕವನಾ ಮಣಿಕಟ್ಟು ಕಚ್ಚಿಕೊಂಡು ಕಿರುಚುತ್ತಿದ್ದಳು. ಜಲಜಾ ಮಂಡಿಯೂರಿ, 'ಕವನಾ, ಕವನಾ, ಏನಿಲ್ಲ ಕಣೇ, ಅಮ್ಮ ಕಣೇ' ಎಂದಳು. ಒಂದೊಂದು ಸಲ ಅಮ್ಮ ಎಂದಾಗಲೂ ಕಿರುಚು ಒಂದೊಂದು ಮೆಟ್ಟಿಲು ಮೇಲೇರಿತು. ಅದು ಅವಳಿಗೆ ಕಾಣುತ್ತಿತ್ತು. ಕಂಡೂ ನಿಲ್ಲಿಸಲಾಗಲಿಲ್ಲ.

ಸಿಂಚನಾ ಕವನಾಳನ್ನು ಮುಟ್ಟದೆ, ಮುಂದೆ ಮುಂದೆ ನಡೆದು, ನೀರಗುಳ್ಳೆಯ ದೀಪ ತೋರಿಸಿ, ಗಾಜಿನ ಕೋಣೆಗೆ ಕರೆದುಕೊಂಡು ಹೋದಳು. ಹಿಂದೆಯೇ ಹೊರಟ ಜಲಜಾಳನ್ನು ಬಾಗಿಲಲ್ಲಿ ತಡೆದಳು. ಇಪ್ಪತ್ತೆರಡು ವರ್ಷವಿರಬಹುದು ಅವಳಿಗೆ. 'ಆಂಟಿ, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಹೊತ್ತು ಆಚೆ ಇರ್ತೀರಾ? ನೀವ್ ಮಾತಾಡ್ದಾಗ್ಲೆಲ್ಲ ಅವ್ಳಿಗೆ...' ಎಂದು ನಿಲ್ಲಿಸಿದಳು. ಫಾರಂನಲ್ಲಿ ಖಾಲಿ ಬಿಟ್ಟ ಗೆರೆ ಅದು. ಬಾಗಿಲು ಮುಚ್ಚಿಕೊಂಡಿತು, ಕಿರುಚು ತುಂಡಾಯಿತು. ಗಾಜಿನ ಆಚೆ ಮಗಳ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

ಜಲಜಾ ಬೆಂಚಿನ ಮೇಲೆ ಕೂತಳು. ರಾಗಿಣಿ ಮಗನನ್ನು ಶಾಲಿನಲ್ಲಿ ಸುತ್ತಿ, ಅಪ್ಪಿಕೊಂಡು, ಅವಳ ಮುಂದೆಯೇ ಹಾದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಒಂದು ಕ್ಷಣ ನಿಂತು, 'ಹೋಗ್ಲಿ ಬಿಡಿ, ನಿಮಗೂ ಗೊತ್ತಲ್ಲ' ಎಂದಳು. ಗೊತ್ತು. ಐದು ವರ್ಷದ ಕವನಾಳನ್ನು ಒಂದು ದಿನ, ಅತ್ತೆಯೂ ಜೊತೆಗಿದ್ದರು, ತನ್ನ ಬಸ್ಸಿನಲ್ಲೇ ಕೂರಿಸಿಕೊಂಡಿದ್ದಳು. ಅಮ್ಮನ ಬಸ್ಸು, ಖುಷಿಪಡುತ್ತದೆ ಮಗು ಎಂದು. ಮೊದಲ ಪೀಪಿಗೇ ಶುರುವಾದ ಕಿರುಚು ಮೂರು ಸ್ಟಾಪ್ ನಿಲ್ಲಲಿಲ್ಲ. ಯಾರೋ, 'ಕಂಡಕ್ಟ್ರಮ್ಮ, ಮಗು ಇಳ್ಸಿ, ಅದಕ್ಕೂ ಹಿಂಸೆ ನಮಗೂ ಹಿಂಸೆ' ಎಂದರು. ಸುಂಕದಕಟ್ಟೆಯಲ್ಲಿ ಅತ್ತೆಯನ್ನೂ ಮಗಳನ್ನೂ ಇಳಿಸಿದಳು. ಇಳಿಸಿ, ಪೀಪಿ ಊದದೆ, ತಗಡಿಗೆ ಮೆಲ್ಲಗೆ ಎರಡು ಬಡಿದಳು. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಮಗಳು ಚಿಕ್ಕದಾಗುತ್ತಾ ಹೋದಳು, ಮತ್ತು ಅವಳಿಗೆ, ಯಾರಿಗೂ ಎಂದೂ ಹೇಳಬಾರದ ಒಂದು ಉಸಿರು ಹೊರಬಂದಿತ್ತು. ಆಗಿನಿಂದಲೇ ಅಲ್ಲವೇ ಅವಳು ಬೇರೆಯವರ ಪಾಳಿಯನ್ನೂ ತಾನೇ ಕೇಳಿ ಹಾಕಿಸಿಕೊಳ್ಳತೊಡಗಿದ್ದು. ನೂಕುನುಗ್ಗಲಿನ ಬಸ್ಸೇ ಅವಳಿಗೆ ವಿಶ್ರಾಂತಿಯಾಗಿತ್ತು. ಕವನಾ ಎಲ್ಲಿ ನೋಡಿ ಕಲಿತಳೋ ಎಂದು ಇಷ್ಟು ದಿನ ಯೋಚಿಸಿದ್ದಳಲ್ಲ, ಆ ಬಡಿತ. ಈಗ ಗೊತ್ತಾಯಿತು. ಸುಂಕದಕಟ್ಟೆಯ ಸ್ಟಾಪಿನಲ್ಲಿ ನಿಂತು ಕಲಿತಿದ್ದಳು. ಅಮ್ಮ ಹೋಗುವುದು ಎರಡು ಬಡಿತಕ್ಕೆ ಎಂದು.

ಫೋನು ನಡುಗಿತು. ಕಿವಿ ಕೇಳದ ಮುನಿರಾಜು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಬರೆಯುತ್ತಿದ್ದ. 'ಹೆಂಗಿದಾಳೆ?' ಅವಳು ತಲೆಯೆತ್ತಿ ನೋಡಿದಳು. ಕವನಾ ಮೆತ್ತೆಯ ಮೇಲೆ ಕೂತಿದ್ದಳು. ಬಾಯಿ ಮುಚ್ಚಿತ್ತು. ಗುಳ್ಳೆಗಳು ಏಳುವುದನ್ನು ನೋಡುತ್ತಾ ಮೆಲ್ಲಗೆ ತೂಗುತ್ತಿದ್ದಳು. ಹೊಂಗೆಮರದ ಕೆಳಗಿದ್ದ ಅದೇ ಮುಖ. ಕಿವಿಗಳು ತೆರೆದಿದ್ದವು. 'ಚೆನ್ನಾಗಿದಾಳೆ' ಎಂದು ಬರೆದಳು. ಅದು ಸುಳ್ಳಾಗಿರಲಿಲ್ಲ.

ಅವಳು ಎದ್ದು ಗಾಜಿನ ಹತ್ತಿರ ಹೋದಳು. ಕವನಾ ನೋಡಿದಳು, ಮುಖವನ್ನಲ್ಲ, ಸೀರೆಯ ಅಂಚನ್ನು. ಎದ್ದು ಬಂದಳು. ಗೆಣ್ಣೆತ್ತಿ ಗಾಜಿಗೆ ಎರಡು ಸಲ ಬಡಿದಳು. ಸದ್ದು ಕೇಳಿಸಲಿಲ್ಲ, ಕಾಣಿಸಿತು. ಜಲಜಾ ಅಲ್ಲೇ ನಿಂತಳು. ಕವನಾ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಎರಡು ಬಡಿದಳು. ಆಟ ಆಟವೇ. ಡ್ರೈವರ್ ಯಾಕೆಂದು ಕೇಳುವಂತಿಲ್ಲ. ಜಲಜಾ ತಿರುಗಿ ಓಣಿಯ ಗುಂಟ ಹೊರಟಳು. ಒಂದು. ಎರಡು. ಮೀನುಗಳು ಎರಡೂ ಬದಿಯಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ಮೂರು. ನಾಲ್ಕು. ನಾಲ್ಕನೆಯದರಲ್ಲಿ ಕಾಲನ್ನು ಗಾಳಿಯಲ್ಲೇ ತಡೆದು ಒಂದಿಷ್ಟು ಕಾದಳು. ಏನೂ ಬರಲಿಲ್ಲ. ಐದು. ಆರನೆಯ ಹೆಜ್ಜೆಯನ್ನು ಇಡುವಾಗ ಒಳಗೆ ಏನೋ, ಗಂಟು ಹಾಕಿದ್ದ ದಾರ, ಸಲೀಸಾಗಿ ಬಿಚ್ಚಿಕೊಂಡಿತು. ಬಿಟ್ಟಳು ಮಗಳು. ಹೊಸ್ತಿಲಿನ ಆಚೆಗೆ ಬಿಟ್ಟಳು. ಹತ್ತು, ಹನ್ನೊಂದು. ಓಣಿಯ ಕೊನೆಯ ತೊಟ್ಟಿ ಖಾಲಿಯಿತ್ತು, ಬರೀ ಕಪ್ಪು ನೀರು. ಅದರ ಮುಂದೆ ನಿಂತು, ಹಿಂತಿರುಗದೆ, ಫೋನು ತೆಗೆದು ಬರೆದಳು: 'ರಂಪ ಆಯ್ತು. ನನ್ನಿಂದ. ಕೆಂಗೇರಿ ಸ್ಕೂಲವ್ರಿಗೆ ಹೂಂ ಅಂತ ಇವತ್ತೇ ಹೇಳ್ಬಿಡಿ.' ಕಳಿಸಿದಳು. ನೀಲಿ ಗೀಟು ಬಿತ್ತು, ಅವನು ಓದಿದ್ದ. ಅವನದು ಮೊದಲು ಯಾವಾಗಲೂ ಒಂದು ಹಾಂ ಇರುತ್ತಿತ್ತು. ಈ ಸಲ 'ಸರಿ' ಎಂದೇ ಬಂತು.

ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಖಾಲಿ ತೊಟ್ಟಿಯ ಕಪ್ಪು ಗಾಜಿನಲ್ಲಿ ಓಣಿ ಇಡಿಯಾಗಿ ಕಂಡಿತು, ಬಸ್ಸಿನ ಕನ್ನಡಿಯಲ್ಲಿ ಕಾಣುವ ಹಾಗೆ. ದೂರದಲ್ಲಿ ದೀಪದ ಕೋಣೆ, ಅದರ ಬಾಗಿಲಿನ ಆಚೆ ಅಂಗೈಯಷ್ಟು ಕವನಾ. ಅವಳ ಮುಷ್ಟಿ ಗಾಜಿಗೆ ಬಡಿಯಿತು. ಒಂದು ಸಲ. ತಡೆದು, ಮತ್ತೆ ಒಂದು ಸಲ. ಮತ್ತೆ ತಡೆದು, ಒಂದು ಸಲ. ಯಾವಾಗಿನಿಂದ ಬಡಿಯುತ್ತಿದ್ದಳೋ. ಡಬಲ್ ಗ್ಲಾಸು.

ಜಲಜಾ ನಿಂತಳು. ನಿಂತೇ ಇದ್ದಳು; ಆಟದಲ್ಲಿ ಅಷ್ಟೇ ಇದ್ದದ್ದು. ಗಾಜಿನೊಳಗಿನ ಪುಟ್ಟ ಮುಷ್ಟಿ ಒಂದು ಬಡಿದು, ಕಾದು, ಮತ್ತೆ ಒಂದು ಬಡಿಯಿತು, ಇನ್ನೇನನ್ನೋ ಹೇಳಲು ಹೊರಟು ಅದು ಗೊತ್ತಿಲ್ಲದವಳ ಹಾಗೆ. ಹಿಂದಕ್ಕೆ ಬಾ ಎನ್ನುವುದಕ್ಕೆ ಎಷ್ಟು ಸಲ ಬಡಿಯಬೇಕೆಂದು ಅವಳು ಮಗಳಿಗೆ ಎಂದೂ ಕಲಿಸಿರಲಿಲ್ಲ.